ಸಂತಿಗೊಂದು

ದುಧನಿ ಸ್ಟೇಶನ್ ರೋಡಿನ ಮೆಡಿಕಲ್ ಅಂಗಡ್ಯಾಗ
ಗೋಡಿ ಮ್ಯಾಲ ನಾ ಇದ್ದೆ, ಮೂರು ವರ್ಷ.
ಕಾಜಿನ ಹಿಂದ, ಎರಡು ಜಡಿ ಹಾಕ್ಕೊಂಡು,
ಜಗದೇವಿ ಸಿದ್ರಾಮ ಹತ್ತೂರೆ, ರಜಿಸ್ಟರ್ಡ್ ಫಾರ್ಮಸಿಸ್ಟ್.
ಕೆಳಗ ಊದಿನಕಡ್ಡಿ. ನನಗಲ್ಲ,
ಬಾಜೂಕಿನ ಲಕ್ಷ್ಮಿಗೆ. ಹೊಗಿ ಮಾತ್ರ ಇಬ್ಬರಿಗೂ.

ಖರೇ ಜಗದೇವಿ ಮನ್ಯಾಗ ಇದ್ಲು,
ರೊಟ್ಟಿ ಬಡೀತಿದ್ಲು,
ಮಗಳ ಯುನಿಫಾರ್ಮಿಗೆ ಗುಂಡಿ ಹಚ್ಚತಿದ್ಲು.
ಐದನೇ ತಾರೀಖಿಗೆ ಲಕೋಟಿ, ನಾಕು ಸಾವಿರ,
ಮ್ಯಾಲ ಬರದಿರತಿತ್ತು: ಮೇಡಂ.
ಆ ರೊಕ್ಕದಾಗ ಫ್ರಿಜ್ ಬಂತು.

ಇನ್ಸ್‌ಪೆಕ್ಟರ್ ಬರೋ ದಿನ ಮೊದಲ ಫೋನ್ ಬರತಿತ್ತು.
ಬಿಳಿ ಕೋಟು ಚೀಲದಿಂದ ತಗದು
ಮಡಿಕಿ ಗೆರಿ ಹೋಗಲಿ ಅಂತ ನೀರು ಚಿಮುಕಿಸಿ
ಹಾಕ್ಕೊಂಡು ಒಂದು ತಾಸು ಕೂಡತಿದ್ದೆ.
ಅಂವ ಚಾ ಕುಡದು ಸಹಿ ಮಾಡತಿದ್ದ.
ನಾನೂ ಮಾಡತಿದ್ದೆ, ಹಿಂದಿನ ಮೂರು ತಿಂಗಳದೂ,
ಪೆನ್ ಬದಲಿಸಿ ಬದಲಿಸಿ.

ಕೌಂಟರಿನಾಗ ಮಳಸಿದ್ದ, ಹತ್ತನೇತ್ತಾ ನಪಾಸು,
ಡಬ್ಬಿ ಬಣ್ಣಾ ನೋಡಿ ಗುರುತು ಹಿಡಿಯೋ ಹುಡುಗ.
ಅಂವ ತಪ್ಪು ಗುಳಗಿ ಕೊಟ್ಟಿಲ್ಲ, ಕೇಳ್ರಿ.
ಚೀಟಿ ಸೋಲಾಪುರದ ಡಾಕ್ಟರದು, ಇಂಗ್ಲಿಷು.
ಅಲ್ಲಿ ಕಂಪೌಂಡರ್ ಹೇಳಿದ್ದು ಮರಾಠಿ.
ಭೌರವ್ವಗ ಬರೋದು ಕನ್ನಡ, ಅದೂ ಬಾಯಿಲೆ ಅಷ್ಟ.
ಮಳಸಿದ್ದ ಅಂದಿದ್ದು,
"ರಾತ್ರಿ ಉಂಡ ಮ್ಯಾಲ ಒಂದು, ಅವ್ವ."
ಖರೇನ. ರಾತ್ರಿನ, ಉಂಡ ಮ್ಯಾಲನ, ಒಂದ.
ಯಾವ ರಾತ್ರಿ ಅನ್ನೋದು ಚೀಟ್ಯಾಗ ಉಳೀತು.

ಬ್ಯಾಳಿ ಮಿಲ್ಲಿನಾಗ ಇಪ್ಪತ್ತು ವರ್ಷ ತೊಗರಿ ಹಸನ ಮಾಡಿ
ಭೌರವ್ವನ ಬೆರಳ ಗೆಣ್ಣೆಲ್ಲಾ ಬಾತಿದ್ವು.
ಗುಳಗಿನೂ ತೊಗರಿಬ್ಯಾಳಿ ಅಷ್ಟ, ಅದ ಹಳದಿ.
ದಿನಾ ಒಂದು ನುಂಗಿದ್ಲು, ನೇಮದಿಂದ,
ಉಪಾಸದ ದಿನಾನೂ ಬಾಳಿಹಣ್ಣು ತಿಂದು.

ಒಂಬತ್ತನೇ ದಿನ ನಮ್ಮ ಕಟ್ಟಿಗೆ ಬಂದು ಕೂತ್ಲು.
ಬಾಯಿ ತಗದು ತೋರಿಸಿದ್ಲು,
ಒಳಗೆಲ್ಲಾ ಸುಟ್ಟಂಗ, ಮಜ್ಜಿಗಿನೂ ಇಳೀವಲ್ದು.
ಸೆರಗಿನ ಗಂಟು ಬಿಚ್ಚಿ ಪಟ್ಟಿ ಕೈಯಾಗಿಟ್ಲು.
ಹತ್ತರಾಗ ಎಂಟು ಮನಿ ಖಾಲಿ.
ನಾ ಎಣಿಸಿದೆ. ಮತ್ತ ಎಣಿಸಿದೆ.
ಕಾಲೇಜಿನಾಗ ಈ ಪ್ರಶ್ನೆಗೆ ನನಗ
ಐದಕ್ಕ ಐದು ಬಿದ್ದಿದ್ವು.

ಸಿವಿಲ್ ಆಸ್ಪತ್ರಿ, ಹನ್ನೊಂದು ದಿನ.
ಗಂಜಿ ಡಬ್ಬಿ ನಾನ ಒಯ್ಯತಿದ್ದೆ.
"ಎಷ್ಟ ಛಲೋ ಮನಷಾರ್ರಿ ನೀವು," ಅಂದ್ಲು ಅಕಿ ಸೊಸಿ.
ನಾ ಡಬ್ಬಿ ತೊಳೀಲಿಕ್ಕ ಹೊರಗ ಹೋದೆ.

ಬದುಕಿದ್ಲು. ಅದು ಅಕಿ ಗಟ್ಟಿತನ.

ಸಾವಕಾರ ರೇವಣಸಿದ್ದಪ್ಪಗ ಹೇಳಿದೆ, ನಾಳಿಂದ ನಾ ಕೂಡತೀನಿ.
ಅಂವ ವಹಿಯಿಂದ ತಲಿ ಎತ್ತಲಿಲ್ಲ.
"ಕೂತ್ರೂ ನಾಕು ಸಾವಿರ,
ಕೂಡದಿದ್ರೂ ನಾಕು ಸಾವಿರ. ನಿಮ್ಮ ಮರ್ಜಿ."

ಕೂತೆ. ಕೋಟಿನ ಗೆರಿ ತಾನ ಹೋತು.
ಚೀಟಿ ಇಲ್ಲದ ನಿದ್ದಿ ಗುಳಗಿ ಕೇಳಿದವರು
ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋದ್ರು,
ನನಗ ಕೇಳೋಹಂಗ ಬೈಕೋತ.
ಸಂಜಿಕ ಸಾವಕಾರ ವಹಿ ಜೋರಲೆ ಮುಚ್ಚತಿದ್ದ.

ಮೂರು ತಿಂಗಳ ಮ್ಯಾಲ ಭೌರವ್ವ, ಹೊಸಾ ಚೀಟಿ.
ಅದ ಗುಳಗಿ, ಕಡಿಮಿ ಡೋಸು.
ಪಟ್ಟಿ ಕತ್ತರಿಸಿ ನಾಕ ಕೊಟ್ಟೆ.
"ಸಂತಿಗೊಂದು, ಅವ್ವ.
ಸಂತಿ ಮುಗಿಸಿ ಬಂದ ರಾತ್ರಿ. ನಡುವ ಮುಟ್ಟಬ್ಯಾಡ."
"ಸಂತಿಗೊಂದು," ಅಂದ್ಲು ಅಕಿ,
ನಾಲಿಗಿ ಮ್ಯಾಲ ಇಟ್ಟು ನೋಡಿದಂಗ.
"ಇಷ್ಟ ಏನು?
ಅವಾಗ ಯಾರರ ಹೇಳಬಾರದಿತ್ತೇನ?"

ಗೋಡಿ ಕಡಿ ನೋಡಿದ್ಲು. ನನ್ನ ನೋಡಿದ್ಲು.
"ಆ ಹುಡುಗಿ ನಿನ್ನ ತಂಗಿಯೇನ? ಮಾರಿ ಹೊಂದತದ."

ಮಳಸಿದ್ದ ಸುಮ್ಮನ ಡಬ್ಬಿ ಹೊಂದಸಲಿಕ್ಕ ತಿರಗಿದ.
"ಅಲ್ಲವ್ವ," ಅಂದೆ.
ಹಿಂದ ನಾಕು ಮಂದಿ ಗಿರಾಕಿ ನಿಂತಿದ್ರು.
ಕೌಂಟರ್ ದಾಟಿ ಹೊರಗ ಬಂದೆ,
ಸ್ಟೂಲು ಎಳದು ಅಕಿನ್ನ ಕೂಡಿಸಿದೆ.